ಹನ್ನೆರಡಾದ ಮೇಲೆ ಹನ್ನೊಂದು

ಗ್ರಂಥಪಾಲ: ಅದೆಲ್ಲ ಆಮೇಲೆ. ಮೊದಲು ಇದೊಂದಕ್ಕೆ ಉತ್ತರ ಕೊಡು. ತಂಗಿ ಎಲ್ಲಿ?

ಬೈಂಡರ್: ಒಳಗಿದ್ದಾಳೆ. ಅಂಟು ಕಾಯಿಸ್ತಾ ಇದ್ದಾಳೆ. ಕರೀಲಾ?

ಗ್ರಂಥಪಾಲ: ನಿನ್ನ ಹೆಂಡತಿ ಅಲ್ಲಯ್ಯಾ! ಅಜ್ಜಿಯ ತಂಗಿ! ಎರಡೂ ಮುಕ್ಕಾಲು ಗಂಟೆ ಸಿನಿಮಾ ತೆಗೆದಿದ್ದಾರೆ, ಅಜ್ಜಿಯ ತಂಗಿ ಒಂದೇ ಒಂದು ಸಲ ಮುಖ ತೋರಿಸಿದಳಾ?

ಬೈಂಡರ್: ಕತ್ತಲಲ್ಲಿ ಬಂದು ಹೋಗಿರಬೇಕು. ನಿನಗೆ ಕಂಡಿಲ್ಲ.

ಗ್ರಂಥಪಾಲ: ನಾನೂ ಅದನ್ನೇ ಬಡ್ಕೊಳ್ತಿರೋದು! ಆ ಸಿನಿಮಾದಲ್ಲಿ ಏನು ತಾನೇ ಕಾಣತ್ತೆ? ಪಕ್ಕದ ಸೀಟಿನವನು ಮೊಬೈಲ್ ತೆಗೆದ ನೋಡು, ಆ ಬೆಳಕಲ್ಲಿ ನಾನು ವೀರನ ಮುಖ ನೋಡಿದೆ. ಅದೂ ಅರ್ಧ ಮುಖ.

ಬೈಂಡರನ ಕೆಲಸದ ಕೋಣೆಯೆಂದರೆ ಮನೆಯ ಮುಂದಿನ ಕೋಣೆಯೇ. ನಡುವೆ ಉದ್ದನೆಯ ಮೇಜು, ಅದರ ಮೇಲೆ ರಟ್ಟು, ದಾರದ ಉಂಡೆ, ಮೂಲೆಯಲ್ಲಿ ಯಾರ ಮಾತಿಗೂ ತಲೆ ಕೆಡಿಸಿಕೊಳ್ಳದೆ ಕೂತ ಕಟಿಂಗ್ ಯಂತ್ರ. ಗೋಡೆಯ ಆಚೆ ಅಡುಗೆಮನೆ. ಅಲ್ಲಿಂದ ಹಿಟ್ಟಿನ ಅಂಟು ಕುದಿಯುವ ವಾಸನೆ ಬರುತ್ತಿತ್ತು. ಗ್ರಂಥಪಾಲ ಒಂದು ಗಂಟೆಯ ಹಿಂದೆ ಕಂಕುಳಲ್ಲಿ ಒಂದು ಪುಸ್ತಕ, ಬಾಯಲ್ಲಿ ಒಂದು ಜಗಳ ಇಟ್ಟುಕೊಂಡು ಬಂದಿದ್ದ. ಪುಸ್ತಕ ಮೇಜಿನ ಮೇಲೆ ಬೆನ್ನು ಬಿಚ್ಚಿಕೊಂಡು ಬಿದ್ದಿತ್ತು. ಜಗಳ ಇನ್ನೂ ಗಟ್ಟಿಯಾಗಿಯೇ ಇತ್ತು.

ಸಂಗತಿ ಇಷ್ಟೇ. ಮೂವತ್ತಾರು ವರ್ಷದ ಹಿಂದೆ 'ಸಿಡಿಲಣ್ಣ' ಎಂಬ ಮಕ್ಕಳ ಚಿತ್ರಕಥೆ ತಿಂಗಳಿಗೊಂದು ತೆಳ್ಳನೆಯ ಸಂಚಿಕೆಯಾಗಿ ಒಂದು ವರ್ಷ ಬಂದಿತ್ತು. ಹಳದಿ ನಿಲುವಂಗಿ ತೊಟ್ಟು, ಬೆರಳ ತುದಿಯಿಂದ ಸಿಡಿಲು ಬಿಟ್ಟು, ಕಷ್ಟದಲ್ಲಿರುವವರನ್ನು ಕಾಪಾಡುವ, ಅಜ್ಜಿಯೊಬ್ಬಳು ಸಾಕಿ ಬೆಳೆಸಿದ ವೀರನ ಕಥೆ ಅದು. ವರ್ಷದ ಕೊನೆಗೆ ಒಂದೇ ಕಟ್ಟಾಗಿ ಊರಿಗೆ ಬಂದ ಆ ಹನ್ನೆರಡು ಸಂಚಿಕೆಗಳನ್ನು ಸೇರಿಸಿ ಹೊಲಿದು ರಟ್ಟು ಹಾಕಿದ ಒಂದೇ ಒಂದು ಪುಸ್ತಕ ಗ್ರಂಥಾಲಯದಲ್ಲಿತ್ತು. ಊರಿನ ಮಕ್ಕಳೆಲ್ಲ ಸರದಿಯಲ್ಲಿ ಅದನ್ನೇ ಓದಿ ದೊಡ್ಡವರಾದರು. ಈಗ ಅದು 'ಸಿಡಿಲು' ಎಂಬ ಸಿನಿಮಾ ಆಗಿ ಬಂದು, ಒಂದು ವಾರದಲ್ಲಿ ಊರನ್ನು ಎರಡು ಹೋಳು ಮಾಡಿತ್ತು. ಹರೆಯದವರು ಮೆಚ್ಚಿದರು. ನಲವತ್ತು ದಾಟಿದವರು ಹಿಡಿಶಾಪ ಹಾಕಿದರು. ನಲವತ್ತು ದಾಟಿಯೂ ಸಿನಿಮಾದ ಪರ ಮಾತಾಡಿದವನು ಬೈಂಡರ್ ಒಬ್ಬನೇ.

ಗ್ರಂಥಪಾಲ: ಹೆಸರಿಂದಲೇ ಶುರು ಮಾಡು. ಸಿಡಿಲಣ್ಣ ಹೋಗಿ ಬರೀ 'ಸಿಡಿಲು'. ಅಣ್ಣ ಎಲ್ಲಿ ಹೋದ?

ಬೈಂಡರ್: ಅವನಿಗೂ ವಯಸ್ಸಾಯ್ತಲ್ಲಯ್ಯಾ. ಇನ್ನೂ ಅಣ್ಣ ಅಂತಿರಬೇಕಾ?

ಗ್ರಂಥಪಾಲ: ವಯಸ್ಸಾದರೆ ಸಿಡಿಲಜ್ಜ ಅನ್ನಲಿ. ಸಂಬಂಧವನ್ನೇ ಕಿತ್ತು ಹಾಕೋದಾ? ಹೋಗಲಿ, ಹಳದಿ ಅಂಗಿ ಯಾಕೆ ಕಪ್ಪಾಯ್ತು?

ಬೈಂಡರ್: ಮೂವತ್ತಾರು ವರ್ಷ ಒಂದೇ ಅಂಗಿ ತೊಟ್ಟರೆ ನಿನ್ನದೂ ಕಪ್ಪಾಗತ್ತೆ.

ಗ್ರಂಥಪಾಲ: ನಗಿಸಬೇಡ. ಇಡೀ ಸಿನಿಮಾದಲ್ಲಿ ಅವನು ಒಂದು ಸಲ ನಗಲ್ಲ. ಮಕ್ಕಳು ಹೆದರಿ ಅಮ್ಮಂದಿರ ಸೆರಗೊಳಗೆ ಸೇರಿಕೊಂಡಿದ್ದವು.

ಬೈಂಡರ್: ಕತ್ತಲಿದ್ದರೆ ತಾನೇ ಮಿಂಚು ಕಾಣೋದು? ನಡುಮಧ್ಯಾಹ್ನ ಮಿಂಚಿದರೆ ಯಾರು ನೋಡ್ತಾರೆ?

ಈ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಬೈಂಡರನಿಗೇ ಹೆಮ್ಮೆಯಾಯಿತು. ಒಂದು ಗಂಟೆಯಲ್ಲಿ ಅವನು ಆಡಿದ ಒಂದೇ ಒಳ್ಳೆಯ ಮಾತು ಅದು. ಆದರೆ ಗ್ರಂಥಪಾಲ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಗ್ರಂಥಪಾಲ: ಅಂಗಿ ಬಿಡು, ಹೆಸರು ಬಿಡು. ಕಥೆಯನ್ನೇ ತಲೆಕೆಳಗು ಮಾಡಿದ್ದಾರೆ! ಕೊನೆಯಲ್ಲಿ ಬರಬೇಕಾದ ಸೇತುವೆ ಪ್ರಸಂಗವನ್ನ ಇಂಟರ್ವಲ್‌ಗೆ ಮುಂಚೆಯೇ ಮುಗಿಸಿದ್ದಾರೆ. ಅದೂ ಹೇಗೆ? ಸೇತುವೆ ಮೇಲೆ ತಂಗಿ ನಿಲ್ಲಬೇಕಾದ ಜಾಗದಲ್ಲಿ ಅಜ್ಜಿಯನ್ನೇ ತಂದು ನಿಲ್ಲಿಸಿದ್ದಾರೆ!

ಬೈಂಡರ್: ಅಜ್ಜಿಗೆ ತಂಗಿ ಇದ್ದಳು ಅಂತ ಪುಸ್ತಕದಲ್ಲಿ ಎಲ್ಲಿ ಬರೆದಿದೆ?

ಗ್ರಂಥಪಾಲ: ಬರೀಬೇಕಾ? ಬೆಂಕಿಯಲ್ಲಿ ಅಜ್ಜಿ ಸಾಯ್ತಾಳೆ. ಅದರ ಮುಂದಿನ ಸಂಚಿಕೆ ತೆಗಿ, ಸೇತುವೆ ಮೇಲೆ ಅದೇ ಮುಖ, ಅದೇ ಕೋಲು, ಅದೇ ಕನ್ನಡಕ. ಸತ್ತವಳು ಎದ್ದು ಬರ್ತಾಳಾ? ತಂಗಿ ಅಲ್ಲದೆ ಇನ್ಯಾರು?

ಬೈಂಡರ್: ಕೋಲು, ಕನ್ನಡಕಗಳೂ ಅಕ್ಕತಂಗಿಯರಾ?

ಗ್ರಂಥಪಾಲ: ಅಕ್ಕ ಹೋದ ಮೇಲೆ ಅಕ್ಕನ ಸಾಮಾನು ತಂಗಿಗೆ ತಾನೇ ಬರೋದು? ಇಷ್ಟೂ ತಿಳಿಯಲ್ವಾ ನಿನಗೆ? ನಾಲ್ಕನೇ ಕ್ಲಾಸಿನ ಮಕ್ಕಳಿಗೆ ತಿಳಿಯುತ್ತಿತ್ತು, ನಾನು ಹೇಳಿದ ತಕ್ಷಣ.

ಬೈಂಡರ್ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಲು ಹೋದ. ದಾರ ಮೂರು ಸಲ ತಪ್ಪಿತು.

ಅಜ್ಜಿಗೆ ತಂಗಿ ಇರಲಿಲ್ಲ. ಈ ಗುಟ್ಟು ಊರಲ್ಲಿ ತನಗೊಬ್ಬನಿಗೇ ಗೊತ್ತು ಎಂದು ಅವನು ಮೂವತ್ತಾರು ವರ್ಷದಿಂದ ತಿಳಿದಿದ್ದ. ಗ್ರಂಥಾಲಯದ ಕೆಲಸ ಅವನಿಗೆ ಆಗ ಮೊದಲ ಸಲ ಸಿಕ್ಕಿತ್ತು. ಸಿಕ್ಕಿತ್ತು ಎಂದರೇನು, 'ಇವನ ಕೈ ನಂಬಬಹುದು, ನಾನು ಜವಾಬ್ದಾರಿ' ಎಂದು ಗ್ರಂಥಪಾಲನೇ ಸಮಿತಿಯ ಮುಂದೆ ನಿಂತು ಕೊಡಿಸಿದ್ದ. ಸಂಚಿಕೆಗಳ ಮುಖಪುಟ ಕಿತ್ತು, ಒಳಗಿನ ಹಾಳೆಗಳನ್ನು ಮಾತ್ರ ಹೊಲಿಯುವುದು ಆಗಿನ ರೂಢಿ. ಸಂಚಿಕೆಯ ಸಂಖ್ಯೆ ಇದ್ದದ್ದು ಮುಖಪುಟದಲ್ಲಿ ಮಾತ್ರ. ಒಳಗೆ ಪ್ರತಿ ಸಂಚಿಕೆಯೂ ಪುಟ ಒಂದರಿಂದಲೇ ಶುರುವಾಗುತ್ತಿತ್ತು. ಹೀಗಾಗಿ ಹತ್ತಾದ ಮೇಲೆ ಹನ್ನೆರಡು, ಹನ್ನೆರಡಾದ ಮೇಲೆ ಹನ್ನೊಂದು ಕೂತುಬಿಟ್ಟಿತ್ತು. ನಿಜವಾಗಿ ಸಿಡಿಲಣ್ಣ ಹನ್ನೊಂದರಲ್ಲಿ ಸೇತುವೆ ಎತ್ತಿ ಹಿಡಿದು ಅಜ್ಜಿಯನ್ನೂ ಊರವರನ್ನೂ ಉಳಿಸಿ ನಗುತ್ತಾನೆ. ಹನ್ನೆರಡರಲ್ಲಿ ತನ್ನನ್ನು ಸಾಕಿದ ಅದೇ ಅಜ್ಜಿಯನ್ನು ಬೆಂಕಿಯಿಂದ ಉಳಿಸಲಾರದೆ, ಅಂಗಿ ಕಳಚಿಟ್ಟು ಕತ್ತಲೆಯೊಳಗೆ ನಡೆದುಬಿಡುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಸಿನಿಮಾದವರು ತೆಗೆದದ್ದು ಅದನ್ನೇ.

ತಪ್ಪು ಬೈಂಡರನ ಕಣ್ಣಿಗೆ ಬಿದ್ದದ್ದು ಆರು ತಿಂಗಳ ನಂತರ. ಹೇಳಿದರೆ ಕೆಲಸ ಹೋಗುತ್ತದೆ, ಗೆಳೆಯನ ಮಾತೂ ಹೋಗುತ್ತದೆ. ಆಮೇಲೆ ಹೇಳಿದರಾಯಿತು ಎಂದುಕೊಂಡ. ಆ 'ಆಮೇಲೆ' ಇನ್ನೂ ಬಂದಿರಲಿಲ್ಲ.

ಗ್ರಂಥಪಾಲ: ಏನು ಗರ ಬಡಿದವನ ಹಾಗೆ ಕೂತೆ? ಬೇಗ ಹೊಲಿ. ಐದಕ್ಕೆ ಸಭೆ.

ಬೈಂಡರ್: ಈ ಸಭೆ ಬೇಕಾ ಅಂತ?

ಗ್ರಂಥಪಾಲ: ಬೇಕಾ ಅಂತೀಯಾ? ಆ ಕಥೆ ಬರೆದು ಚಿತ್ರ ಬಿಡಿಸಿದ ಹಿರಿಯರೇ ಬರ್ತಿದ್ದಾರೆ. ಎಂಬತ್ತೆರಡು ವರ್ಷ ಅವರಿಗೆ. ಅವರ ಮುಂದೆ ಈ ಪುಸ್ತಕ ಎತ್ತಿ ಹಿಡಿದು ಕೇಳ್ತೀನಿ, 'ಸ್ವಾಮಿ, ನೀವು ಬರೆದ ಅಜ್ಜಿಯ ತಂಗಿಯನ್ನ ಸಿನಿಮಾದವರು ಏನು ಮಾಡಿದರು?' ಅಂತ. ಸಭೆ ಎದ್ದು ನಿಂತುಬಿಡಬೇಕು!

ಎದ್ದು ನಿಲ್ಲುತ್ತದೆ, ಹೊಟ್ಟೆ ಹಿಡಿದುಕೊಂಡು ನಗಲು, ಎಂದುಕೊಂಡ ಬೈಂಡರ್. ಎರಡು ತಿಂಗಳಲ್ಲಿ ನಿವೃತ್ತನಾಗುವ ಗೆಳೆಯ ಊರಿನವರ ಬಾಯಲ್ಲಿ 'ಅಜ್ಜಿಯ ತಂಗಿ' ಎಂಬ ಅಡ್ಡಹೆಸರು ಹೊತ್ತು ತಿರುಗುವುದು ಅವನ ಕಣ್ಣಿಗೆ ಕಟ್ಟಿತು. ಹೇಗಾದರೂ ತಡೆಯಬೇಕು.

ಬೈಂಡರ್: ಅಂಟು ಒಣಗಲ್ಲ ಇವತ್ತು. ನಾಳೆ ಬಾ.

ಗ್ರಂಥಪಾಲ: ಹೊರಗೆ ಬಿಸಿಲು ಸುಡ್ತಿದೆ, ಅಂಟು ಒಣಗಲ್ವಾ?

ಬೈಂಡರ್: ಬಿಸಿಲಿಗೆ ರಟ್ಟು ಸೊಟ್ಟ ಆಗತ್ತೆ.

ಗ್ರಂಥಪಾಲ: ಸೊಟ್ಟ ಪುಸ್ತಕವನ್ನೇ ಎತ್ತಿ ಹಿಡೀತೀನಿ. ನನಗಿರೋ ತೊಂದರೆ ಒಂದೇ ಕಣಯ್ಯಾ, ಮೂಲ! ಈ ಊರಲ್ಲಿ ಮೂಲದ ಬಗ್ಗೆ ಯಾರಿಗೂ ಚಿಂತೆ ಇಲ್ಲ!

ಹೆಂಡತಿ: (ಅಡುಗೆಮನೆಯಿಂದ) ಅಯ್ಯೋ, ಯಾವಾಗಿಂದ ಅಣ್ಣಾ? ಖಾರ ಬಿಟ್ಟುಬಿಡಿ. ನೀರು ಚೆನ್ನಾಗಿ ಕುಡೀರಿ.

ಗ್ರಂಥಪಾಲ: ಆ ಮೂಲ ಅಲ್ಲಮ್ಮಾ ತಂಗಿ. ಕಥೆಯ ಮೂಲ!

ಹೆಂಡತಿ: ಮೊದಮೊದಲು ಎಲ್ಲರೂ ಹೀಗೇ ಏನಾದರೂ ಹೇಳ್ತಾರೆ. ಡಾಕ್ಟರ ಹತ್ತಿರ ನಾಚಿಕೆ ಪಡಬೇಡಿ.

ಗ್ರಂಥಪಾಲ ಮುಖ ಒರೆಸಿಕೊಂಡು ಜೇಬಿನಿಂದ ನಾಲ್ಕು ಹಾಳೆಯ ಭಾಷಣ ತೆಗೆದ. ಬೈಂಡರ್ ಕೊನೆಯ ಪ್ರಯತ್ನಕ್ಕೆ ಇಳಿದ.

ಬೈಂಡರ್: ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ. ಅಜ್ಜಿ ಸಾಯೋ ಸಂಚಿಕೆಯ ಕೊನೇ ಪುಟದಲ್ಲಿ 'ಮುಗಿಯಿತು' ಅಂತ ಅಚ್ಚಾಗಿದೆ. ಆದರೂ ನಮ್ಮ ಪುಸ್ತಕದಲ್ಲಿ ಅದಾದ ಮೇಲೆ ಇನ್ನೊಂದು ಸಂಚಿಕೆ ಇದೆ. ನಿನಗೆ ಯಾವತ್ತೂ ಏನೂ ಅನ್ನಿಸಲಿಲ್ವಾ?

ಗ್ರಂಥಪಾಲ: (ಕಣ್ಣರಳಿಸಿ) ಅನ್ನಿಸದೆ? ಅದೇ ಕಣಯ್ಯಾ ಆ ಕಥೆಯ ಜೀವ! 'ಮುಗಿಯಿತು' ಅಂತ ಬರೆದ ಮೇಲೂ ಮುಗಿಯದವನೇ ವೀರ. ನನ್ನ ಭಾಷಣದ ಮೂರನೇ ಪುಟ ಪೂರ್ತಿ ಅದೇ.

ಬೈಂಡರ್: ಸರಿ, ಸೇತುವೆ ಸಂಚಿಕೆಯ ಕೊನೆಯಲ್ಲಿ 'ಮುಂದಿನ ತಿಂಗಳು ನಿರೀಕ್ಷಿಸಿ' ಅಂತಿದೆ. ಅದು?

ಗ್ರಂಥಪಾಲ: ಬದುಕು ನಿಲ್ಲಲ್ಲ, ಮುಂದುವರಿಯತ್ತೆ ಅಂತ ಅರ್ಥ. ಅದು ನಾಲ್ಕನೇ ಪುಟ.

ಬೈಂಡರ್: ನಿನ್ನ ಹತ್ತಿರ ಎಲ್ಲದಕ್ಕೂ ಪುಟ ಇದೆ!

ಗ್ರಂಥಪಾಲ: (ದನಿ ತಗ್ಗಿಸಿ) ನಗಬೇಡ. ಪರೀಕ್ಷೆಯಲ್ಲಿ ಫೇಲಾಗಿ ಅಳ್ತಾ ಬಂದ ಎಷ್ಟು ಮಕ್ಕಳಿಗೆ ಆ ಎರಡು ಸಂಚಿಕೆ ತೆಗೆದು ತೋರಿಸಿದ್ದೀನಿ ಗೊತ್ತಾ? ಮಕ್ಕಳ ಮಾತು ಬಿಡು. ನಿನ್ನ ಅತ್ತಿಗೆ ತೀರಿಕೊಂಡ ವರ್ಷ ನಾನೇ ಅದನ್ನ ಎಷ್ಟು ಸಲ ತೆಗೆದು ಓದಿದ್ದೀನೋ. ಆ ಬೆನ್ನು ಸವೆದದ್ದು ಮಕ್ಕಳಿಂದ ಅಲ್ಲ. ನನ್ನಿಂದ.

ಇಷ್ಟು ಹೊತ್ತು ಬೈಂಡರನ ಗಂಟಲಲ್ಲಿ ಮುಳ್ಳಿನಂತಿದ್ದ ನಿಜ ಈಗ ಬಿಸಿ ತುಪ್ಪವಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವನು ಸುಮ್ಮನಿದ್ದುದನ್ನು ಗ್ರಂಥಪಾಲ ಬೇರೆಯೇ ರೀತಿ ತಿಳಿದ.

ಗ್ರಂಥಪಾಲ: ನೋಡು, ಇಷ್ಟು ಹೇಳಿದರೂ ನಿನ್ನ ಮುಖದಲ್ಲಿ ಏನೂ ಇಲ್ಲ. ತಪ್ಪು ನನ್ನದೇ. ನಿನಗೆ ಪುಸ್ತಕ ಅಂದರೆ ರಟ್ಟು, ದಾರ, ಅಂಟು. ಒಳಗೇನಿದೆ ಅಂತ ಯಾವತ್ತಾದರೂ ನೋಡಿದ್ದರೆ ತಾನೇ? ಓದದವನು ಆ ಸಿನಿಮಾ ಚೆನ್ನಾಗಿದೆ ಅನ್ನದೆ ಇನ್ನೇನಂತಾನೆ!

ಬೈಂಡರ್: (ಸೂಜಿ ಮೇಜಿಗೆ ಚುಚ್ಚಿ) ಓದಿದ್ದೀನಿ! ನಿನಗಿಂತ ಚೆನ್ನಾಗಿ ಓದಿದ್ದೀನಿ! ಅಜ್ಜಿಗೆ ತಂಗಿ ಇಲ್ಲ!

ಗ್ರಂಥಪಾಲ: ಇದ್ದಾಳೆ!

ಬೈಂಡರ್: ಇಲ್ಲ!

ಗ್ರಂಥಪಾಲ: ಸಾಕ್ಷಿ ಏನು?

ಸಾಕ್ಷಿ ಅವನ ಕೈಯಲ್ಲೇ ಇತ್ತು. ಹೊಸದಾಗಿ ಸಂಸಾರ ಹೂಡಿದ್ದ ಬಡ ಬೈಂಡರ್ ಆ ಕಾಲದಲ್ಲಿ ಯಾವ ಕಾಗದವನ್ನೂ ಎಸೆಯುತ್ತಿರಲಿಲ್ಲ. ಕಿತ್ತ ಮುಖಪುಟಗಳನ್ನು ಬೆನ್ನಿಗೆ ಬಲ ಬರಲಿ ಎಂದು ರಟ್ಟಿನ ಒಳಗಡೆ ಅಂಟಿಸಿದ್ದ. ಇಂದು ಬೆನ್ನು ಬಿಚ್ಚುವಾಗ ಅವು ಪದರಪದರವಾಗಿ ಎದ್ದು ಬಂದಿದ್ದವು. ಅದನ್ನು ಕಂಡ ಕೂಡಲೇ ಅವನು ಅವುಗಳ ಮೇಲೆ ಮೊಣಕೈ ಊರಿ ಕೂತಿದ್ದ. ಒಂದು ಗಂಟೆಯಿಂದ ಆ ಮೊಣಕೈ ಎತ್ತಿರಲಿಲ್ಲ. ಈಗ ಎತ್ತಿದ.

ಮೇಲೆ ಎರಡು ಬಣ್ಣಗೆಟ್ಟ ಕಾಗದಗಳಿದ್ದವು. ಒಂದರಲ್ಲಿ ಸೇತುವೆ, ಅದರ ಮೇಲೆ ಕೋಲೂರಿ ನಿಂತ ಅಜ್ಜಿ, ಮೇಲೆ 'ಸಂಚಿಕೆ ಹನ್ನೊಂದು'. ಇನ್ನೊಂದರಲ್ಲಿ ನೆಲದ ಮೇಲೆ ಬಿದ್ದ ಹಳದಿ ಅಂಗಿ, ಮೇಲೆ 'ಸಂಚಿಕೆ ಹನ್ನೆರಡು', ಅದರ ಕೆಳಗೆ ದಪ್ಪಕ್ಷರದಲ್ಲಿ 'ಕೊನೆಯ ಸಂಚಿಕೆ'.

ಗ್ರಂಥಪಾಲ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

ಗ್ರಂಥಪಾಲ: ಇದು... ಹಿಂದೆಮುಂದೆ...

ಬೈಂಡರ್: ಹೌದು ಕಣಯ್ಯಾ. ನಾನೇ. ಹೊಲಿಯುವಾಗ ಅದಲುಬದಲಾಗಿದೆ. ಹೇಳೋಕೆ ಧೈರ್ಯ ಬರಲಿಲ್ಲ. ನೀನು ನನ್ನ ಪರ ಸಮಿತಿಯ ಮುಂದೆ ನಿಂತವನು. ಸಿನಿಮಾದವರು ಮೂಲವನ್ನ ಮುಟ್ಟಿಲ್ಲ. ಮುಟ್ಟಿದ್ದು ನಾನು. ಸಭೆಯಲ್ಲಿ ನನ್ನ ಹೆಸರು ಹೇಳು. ಅಜ್ಜಿಯ ತಂಗಿ ಮಾತು ಮಾತ್ರ ಎತ್ತಬೇಡ.

ಗ್ರಂಥಪಾಲ: ಹಾಗಾದರೆ ತಂಗಿ...

ಬೈಂಡರ್: ಇಲ್ಲ.

ಗ್ರಂಥಪಾಲ: ಮೂವತ್ತಾರು ವರ್ಷ ಸಾಕಿದೆ ಅವಳನ್ನ. ಒಂದು ನಿಮಿಷದಲ್ಲಿ ಸತ್ತುಹೋದಳಲ್ಲಯ್ಯಾ!

ಬೈಂಡರ್: ಸಾಯೋಕೆ ಹುಟ್ಟಬೇಕಲ್ಲ.

ಅಷ್ಟರಲ್ಲಿ ಹೆಂಡತಿ ಅಂಟಿನ ಪಾತ್ರೆ ಹಿಡಿದು ಬಂದಳು. ಮೇಜಿನ ಮೇಲಿನ ಎರಡು ಮುಖಪುಟ ನೋಡಿದಳು, ಇಬ್ಬರ ಮುಖ ನೋಡಿದಳು, ಪಾತ್ರೆ ಕೆಳಗಿಟ್ಟಳು.

ಹೆಂಡತಿ: ಓ, ಗುಟ್ಟು ರಟ್ಟಾಯ್ತಾ? ರಟ್ಟಿನೊಳಗೇ ಅಂಟಿಸಿ ಇಟ್ಟಿದ್ದೀರಿ ಅಂತ ನನಗೇನು ಗೊತ್ತು! ಒಲೆಗೆ ಹಾಕಿದ್ದೀರಿ ಅಂದ್ಕೊಂಡಿದ್ದೆ.

ಬೈಂಡರ್: ನಿನಗೆ... ಗೊತ್ತಿತ್ತಾ?

ಹೆಂಡತಿ: ಗೊತ್ತಿತ್ತಾ ಅಂದರೆ? ಆಗ ಹಾಳೆ ಹೊಂದಿಸಿ ಕೊಡ್ತಿದ್ದವಳು ಯಾರು? ನೀವು ನಾನು ಕೊಟ್ಟದ್ದನ್ನ ಕಣ್ಣು ಮುಚ್ಚಿ ಹೊಲೀತಿದ್ದಿರಿ. ನಾನು ಓದಿ ಓದಿ ಜೋಡಿಸ್ತಿದ್ದೆ. ಕೊನೇದು ಓದಿದೆ. ಸಾಕಿದ ಅಜ್ಜಿ ಸತ್ತಳು, ಹುಡುಗ ಅಂಗಿ ಬಿಚ್ಚಿಟ್ಟು ಕತ್ತಲಲ್ಲಿ ಹೊರಟ, ಮುಗಿಯಿತು! ಮಕ್ಕಳ ಪುಸ್ತಕನಾ ಅದು? ನನಗೆ ಆಗ ಏಳನೇ ತಿಂಗಳು. ಅಳು ತಡೆಯಲಿಲ್ಲ. ಎರಡು ಕಟ್ಟು ಹಿಂದೆಮುಂದೆ ಮಾಡಿಟ್ಟೆ.

ಗ್ರಂಥಪಾಲ: ಬೇಕು ಅಂತಲೇ?

ಹೆಂಡತಿ: ಒಂದು ಅಕ್ಷರ ತಿದ್ದಿಲ್ಲ ಅಣ್ಣಾ. ಒಂದು ಚಿತ್ರ ಹರಿದಿಲ್ಲ. ಸಾಮಾನೆಲ್ಲ ಅದೇ, ಇಟ್ಟ ಜಾಗ ಬೇರೆ.

ಬೈಂಡರ್: ಮೂವತ್ತಾರು ವರ್ಷ ನಾನು ತಪ್ಪು ಮಾಡಿದೆ ಅಂತ ಒಳಗೊಳಗೇ ಬೆಂದಿದ್ದೀನಿ! ಯಾರಾದರೂ 'ಕುಂಬಳಕಾಯಿ ಕಳ್ಳ' ಅಂದರೆ ಸಾಕು, ಹೆಗಲು ಮುಟ್ಟಿ ನೋಡಿಕೊಂಡಿದ್ದೀನಿ!

ಹೆಂಡತಿ: ನೀವು ಒಂದು ಮಾತು ಕೇಳಿದ್ದರೆ ನಾನು ಹೇಳ್ತಿರಲಿಲ್ವಾ? ನೀವು ನೋಡೇ ಇಲ್ಲ ಅಂದ್ಕೊಂಡು ನಾನೂ ಸುಮ್ಮನಿದ್ದೆ.

ಗ್ರಂಥಪಾಲ ನಾಲ್ಕು ಹಾಳೆಯ ಭಾಷಣವನ್ನು ತಿರುವಿ ನೋಡಿದ. ಮೂರನೆಯ ಪುಟ ತೆಗೆದು ನಾಲ್ಕನೆಯದರ ಹಿಂದಿಟ್ಟ. ಮತ್ತೆ ಮುಂದಿಟ್ಟ. ಬೈಂಡರ್ ಗೆಳೆಯನ ಮುಖವನ್ನೇ ನೋಡುತ್ತಿದ್ದ. ಇನ್ನು ಸಿಟ್ಟು ಬರುತ್ತದೆ, ಇನ್ನು ಬರುತ್ತದೆ ಎಂದು ಕಾದ. ಬಂದದ್ದು ನಗು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಕೊನೆಗೆ ಮೇಜು ಅಲ್ಲಾಡುವಷ್ಟು.

ಗ್ರಂಥಪಾಲ: ಸಿನಿಮಾದವರು ಪುಸ್ತಕ ಕೆಡಿಸಿದರು ಅಂತ ಊರೆಲ್ಲ ಸಾರಿದೆ ನಾನು. ಪುಸ್ತಕವನ್ನೇ ಸಿನಿಮಾ ಮಾಡಿದವಳು ಇಲ್ಲಿ ಅಂಟು ಕಾಯಿಸ್ತಾ ಇದ್ದಳು!

ಬೈಂಡರ್: ಸಭೆಯಲ್ಲಿ ಏನು ಹೇಳ್ತೀಯ?

ಗ್ರಂಥಪಾಲ: ನಿಜ ಹೇಳ್ತೀನಿ. ಆ ಸಿನಿಮಾ ಮೂಲಕ್ಕೆ ನಿಯತ್ತಾಗಿದೆ, ನಾನು ಅಂದದ್ದು ತಪ್ಪು. ಆದರೆ ಸ್ವಾಮಿ, ನಮ್ಮೂರಲ್ಲಿ ನಿಮ್ಮ ಕಥೆಗೆ ಇನ್ನೊಂದು ಕೊನೆ ಇತ್ತು, ಅದರ ಮೇಲೆ ಒಂದು ತಲೆಮಾರು ಬೆಳೆಯಿತು. ಕೊನೆ ಕೊಟ್ಟವಳು ಬೈಂಡರನ ಹೆಂಡತಿ ಅಂತೀನಿ.

ಹೆಂಡತಿ: ಜೋರಾಗಿ ಹೇಳಿ ಅಣ್ಣಾ. ಹಿಂದಿನ ಸಾಲಿನವರಿಗೂ ಕೇಳಿಸಲಿ.

ಬೈಂಡರ್: (ಸೂಜಿ ಎತ್ತಿಕೊಂಡು) ಈಗ ಹೇಗೆ ಹೊಲೀಲಿ? ಹನ್ನೊಂದು ಹನ್ನೆರಡಾ, ಹನ್ನೆರಡು ಹನ್ನೊಂದಾ?

ಗ್ರಂಥಪಾಲ: ಇದ್ದ ಹಾಗೇ ಹೊಲಿ.

ಬೈಂಡರ್: ಅದು ಹೇಗಾಗತ್ತೆ? ಸರಿ ಅಂದರೆ ಸರಿ. ಕತ್ತಲಿದ್ದರೆ ಕತ್ತಲನ್ನ ಒಪ್ಪಿಕೊಳ್ಳಬೇಕು. ಆ ಸಿನಿಮಾದ ಕೊನೆ ಎಷ್ಟು ಗಟ್ಟಿಯಾಗಿದೆ ನೋಡು!

ಗ್ರಂಥಪಾಲ: ಹೌದಾ? ಕೊನೆಯಲ್ಲಿ ಅಂಗಿ ಎಲ್ಲಿ ಬಿಚ್ಚಿಡ್ತಾನೆ ಹೇಳು ನೋಡೋಣ.

ಬೈಂಡರ್: ನೆಲದ ಮೇಲೆ.

ಗ್ರಂಥಪಾಲ: ಅದು ಈ ಮುಖಪುಟದಲ್ಲಿ. ಸಿನಿಮಾದಲ್ಲಿ ಬಾಗಿಲ ಮೊಳೆಗೆ ನೇತು ಹಾಕ್ತಾನೆ!

ಹೆಂಡತಿ: ಇವರಿಗೆ ಹೇಗೆ ಗೊತ್ತಾಗತ್ತೆ ಅಣ್ಣಾ? ಬೆಂಕಿ ಬಿತ್ತು ಅಂದ ತಕ್ಷಣ ಇವರು ಎದ್ದು ಹೊರಗೆ ಹೋದರು. ಸಿನಿಮಾ ಬಿಡೋವರೆಗೂ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತಿದ್ದರು.

ಗ್ರಂಥಪಾಲ: ಕೊನೆಯನ್ನ ನೋಡೇ ಇಲ್ಲ! ಒಂದು ವಾರದಿಂದ ಅದರ ಪರ ವಾದ ಮಾಡ್ತಿದ್ದೀಯ!

ಬೈಂಡರ್: (ಹೊಲಿಗೆಯ ಕಡೆ ನೋಡುತ್ತ) ಓದಿ ಗೊತ್ತಿತ್ತಲ್ಲ. ಇನ್ನೊಂದು ಸಲ ಆ ಅಜ್ಜಿ ಸಾಯೋದನ್ನ ಯಾಕೆ ನೋಡಬೇಕು? ಸಿನಿಮಾ ಸರಿಯಾಗಿದೆ ಅಂದೆ. ತಡ್ಕೊಳ್ತೀನಿ ಅಂದೆನಾ?

ಬೈಂಡರ್ ಎರಡು ಕಟ್ಟು ಕೈಗೆತ್ತಿಕೊಂಡು, ಹನ್ನೆರಡನ್ನು ಮುಂದಿಟ್ಟು ಅದರ ಹಿಂದೆ ಹನ್ನೊಂದನ್ನು ಇಟ್ಟ. ದಾರ ಈ ಸಲ ಒಂದೇ ಏಟಿಗೆ ಸೂಜಿಗೆ ಹೋಯಿತು.

ಹೆಂಡತಿ: ಒಂದು ಕೆಲಸ ಮಾಡೋಣ. ನಾಳೆ ಮೂವರೂ ಮತ್ತೆ ಸಿನಿಮಾಕ್ಕೆ ಹೋಗೋಣ. ಇಂಟರ್ವಲ್ ಆದ ಮೇಲೆ ಒಳಗೆ ಹೋಗಿ ಕೂರೋಣ. ಅಳೋದನ್ನ ಅಲ್ಲೇ ಅತ್ತು ಮುಗಿಸೋಣ. ಆಮೇಲೆ ಮುಂದಿನ ಆಟದ ಮೊದಲರ್ಧ ನೋಡಿ, ಅಜ್ಜಿಯನ್ನ ಸೇತುವೆ ದಾಟಿಸಿಕೊಂಡು ಮನೆಗೆ ಬರೋಣ.

ಗ್ರಂಥಪಾಲ: ಅಲ್ಲಮ್ಮಾ ತಂಗಿ, ಸತ್ತ ಅಜ್ಜಿ ಸೇತುವೆ ಮೇಲೆ ಹೇಗೆ ಬಂದಳು ಅಂತ ನಿನ್ನ ಗಂಡ ಕೇಳಿದರೆ?

ಹೆಂಡತಿ: ನೀವು ಪಕ್ಕದಲ್ಲೇ ಇರ್ತೀರಲ್ಲ ಅಣ್ಣಾ, ಅವಳ ತಂಗಿ ಅಂತ ಹೇಳಿ!